ಹಳೆ ಬಟ್ಟೆ ಅಂಗಡಿಯಲ್ಲಿ ಸಿಕ್ಕ ಹವಾಲ್ದಾರರ ಅಂಗಿ: ಅದರ ಒಡೆಯರನ್ನು ಹುಡುಕುವುದು ಹೇಗೆ?

ಟಿಳಕವಾಡಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಮಕ್ಕಳು ಈ ಸಲ ಸ್ವಾತಂತ್ರ್ಯೋತ್ಸವಕ್ಕೆ 1971ರ ಯುದ್ಧದ ಮೇಲೆ ನಾಟಕ ಆಡುತ್ತಿದ್ದಾರೆ. ಉಡುಪಿಗಾಗಿ ಬೆಳಗಾವಿಯ ಖಡೇಬಜಾರ್ ಕಡೆಯ ಹಳೆ ಬಟ್ಟೆ ವ್ಯಾಪಾರಿಯೊಬ್ಬರಲ್ಲಿ ಆಲಿವ್ ಹಸಿರು ಬಣ್ಣದ ಕೆಲವು ಅಂಗಿಗಳನ್ನು ಕೊಂಡೆವು. ಹೆಚ್ಚಿನವು ಕಾವಲುಗಾರರಿಗೆಂದು ಹೊಲಿದವು. ಒಂದು ಮಾತ್ರ ನಿಜವಾದ ಮಿಲಿಟರಿ ಅಂಗಿ.

ಬಲ ತೋಳಿನ ಮೇಲೆ ದರ್ಜೆ ತೋರಿಸುವ ಮೂರು ಪಟ್ಟಿಯ ಫೀತಿ ಇದೆ. ಕಾಲರಿನ ಒಳಗೆ ಶಾಯಿಯಲ್ಲಿ ಬರೆದ ಸಂಖ್ಯೆಯೊಂದಿದೆ. 27ರಿಂದ ಆರಂಭವಾಗುತ್ತದೆ, ಕೊನೆಯಲ್ಲಿ ಇಂಗ್ಲಿಷ್ ಅಕ್ಷರವಿದೆ. ಮಧ್ಯದ ಒಂದು ಅಂಕಿ ಮಾಸಿದೆ, 3 ಇರಬಹುದು ಅಥವಾ 8. ಪೂರ್ತಿ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದಲ್ಲೇ ಮಡಿವಾಳರು ಹಾಕುವಂಥ ಕಪ್ಪು ಗುರುತೊಂದಿದೆ. ಒಳಮಡಿಕೆಯಲ್ಲಿ ಕಾರ್ಖಾನೆಯ ಮುದ್ರೆ, 1994 ಎಂಬ ಇಸವಿ. ಎಡಗಡೆಯ ಜೇಬಿನ ಮೇಲೆ ಒಂದು ಆಯತಾಕಾರದಷ್ಟು ಬಟ್ಟೆ ಬಣ್ಣ ಮಾಸದೆ ಗಾಢವಾಗಿ ಉಳಿದಿದೆ.

ಬಂಡಲ್ ಗುಜರಿಯವರಿಂದ ಬಂತು ಎನ್ನುವುದಕ್ಕಿಂತ ಹೆಚ್ಚು ವ್ಯಾಪಾರಿಗೆ ಗೊತ್ತಿಲ್ಲ. ಇದನ್ನು ತೊಟ್ಟವರು ಯಾರೆಂದು ತಿಳಿಯದೆ ಒಬ್ಬ ಹುಡುಗನಿಗೆ ತೊಡಿಸಲು ನನಗೆ ಮನಸ್ಸು ಬರುತ್ತಿಲ್ಲ. ಅವರಿಗೆ ಅಥವಾ ಅವರ ಮನೆಯವರಿಗೆ ಇದು ಬೇಕಾಗಿರಬಹುದು. ಎಲ್ಲಿಂದ ಆರಂಭಿಸಲಿ?

ಖಾನಾಪುರದ ಮಾಜಿ ಹವಾಲ್ದಾರ

ತಾಯಿ, ನಂಬರನ್ನು ಪೂರ್ತಿ ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಮುಂದೆಯೂ ಬರೆಯಬೇಡಿ, ಫೋಟೋ ಹಾಕುವುದಾದರೆ ಕಾಲರ್ ಮುಚ್ಚಿ ಹಾಕಿ.

27 ಎಂದರೆ ನಮ್ಮದೇ, ಮರಾಠಾ ಲಘು ಪದಾತಿ ದಳ. 26 ಗ್ರೆನೇಡಿಯರ್ಸ್, 28 ರಾಜಪುತಾನಾ ರೈಫಲ್ಸ್. ಜವಾನನಿಗೆ ಭರ್ತಿಯಾದಾಗ ಕೊಟ್ಟ ನಂಬರು ಪಲ್ಟನ್, ಅಂದರೆ ಬಟಾಲಿಯನ್, ಬದಲಾದರೂ ಬದಲಾಗುವುದಿಲ್ಲ. ರಾಷ್ಟ್ರೀಯ ರೈಫಲ್ಸಿಗೆ ಹೋಗಿ ಕಾಶ್ಮೀರದಲ್ಲಿ ಸೇವೆ ಮಾಡಿ ಬಂದರೂ ಅದೇ ನಂಬರು. ಹವಾಲ್ದಾರನ ಮೇಲಿನ ದರ್ಜೆಯಾದ ನಾಯಬ್ ಸುಬೇದಾರ್ ಆದ ಮೇಲೆ ಮಾತ್ರ ಜೆಸಿ ಎಂದು ಆರಂಭವಾಗುವ ಹೊಸ ನಂಬರು ಸಿಗುತ್ತದೆ. ಅಧಿಕಾರಿಗಳದ್ದು ಬೇರೆ, ಐಸಿ ಅಥವಾ ಎಸ್‌ಎಸ್ ಎಂದಿರುತ್ತದೆ. ತೋಳಿನ ಮೂರು ಪಟ್ಟಿ ಹವಾಲ್ದಾರನ ಗುರುತು. ಹಾಗಾಗಿ ಈ ಅಂಗಿಯ ಒಡೆಯರು ಇದನ್ನು ತೊಟ್ಟಾಗ ಹವಾಲ್ದಾರರು, ಮರಾಠಾ ದಳದವರು. ಇಷ್ಟು ಖಚಿತ.

ಕೊನೆಯ ಅಕ್ಷರವನ್ನು ಹಗುರವಾಗಿ ನೋಡಬೇಡಿ. ಅದು ಅದಕ್ಕೆ ಮೊದಲು ಬರುವ ಅಂಕಿಗಳಿಂದ ಲೆಕ್ಕ ಹಾಕಿ ಬರುವ ತಾಳೆ ಅಕ್ಷರ. 3 ಎಂದು ಓದಿದರೆ ಅಕ್ಷರ ಹೊಂದುತ್ತದೆಯೋ, 8 ಎಂದು ಓದಿದರೆ ಹೊಂದುತ್ತದೆಯೋ ಎಂದು ದಾಖಲೆ ಕಚೇರಿಯವರು ನೋಡಿದ ಕೂಡಲೇ ಹೇಳುತ್ತಾರೆ. ಮಾಸಿದ ಅಂಕಿಯ ಚಿಂತೆ ನಿಮಗೆ ಬೇಡ. ಕಾಣುವುದನ್ನು ಕಂಡ ಹಾಗೆ ಬರೆದುಕೊಡಿ.

ಬಾಗಲಕೋಟೆಯ ಯುವಕ

ಇಷ್ಟೆಲ್ಲ ಏಕೆ? ನಂಬರ್ ಸಮೇತ ಫೋಟೋ ತೆಗೆದು ಮಾಜಿ ಸೈನಿಕರ ವಾಟ್ಸಪ್ ಗುಂಪುಗಳಿಗೆ ಕಳಿಸಿ. ಬೆಳಗಾವಿ, ಕೊಲ್ಹಾಪುರ, ಸಾತಾರಾದಲ್ಲಿ ಮರಾಠಾ ಪಲ್ಟನ್ನಿನವರು ಇಲ್ಲದ ಊರಿಲ್ಲ. ಸಂಜೆಯೊಳಗೆ ಯಾರಾದರೂ ಗುರುತಿಸುತ್ತಾರೆ.

ಜಮಖಂಡಿಯ ಸೈನಿಕನ ಮಗಳು

ತಮ್ಮಾ, ನಿಮ್ಮ ಉದ್ದೇಶ ಒಳ್ಳೆಯದೇ. ಆದರೂ ಇದನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ.

ನಮ್ಮ ತಂದೆ ಸೇನೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ನಮ್ಮ ಅವ್ವ ಅವರ ಬಟ್ಟೆಗಳನ್ನು ತಾನೇ ಆರಿಸಿ, ಬೇಕಾದವರಿಗೆ ಹಂಚಿದಳು. ಒಂದು ಸ್ವೆಟರ್, ಪದಕಗಳು, ಟೊಪ್ಪಿಗೆಯ ಬಿಲ್ಲೆ ಇಷ್ಟನ್ನು ಮಾತ್ರ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಅದು ಅವಳು ಯೋಚಿಸಿ ಮಾಡಿದ ಕೆಲಸ. ನಾಳೆ ಯಾರೋ ಅಪರಿಚಿತರು ನಮ್ಮಪ್ಪನ ಅಂಗಿಯ ಫೋಟೋ ಊರೆಲ್ಲ ಹಂಚಿ, ‘ಯೋಧನ ಸಮವಸ್ತ್ರ ಗುಜರಿಯಲ್ಲಿ ಬಿದ್ದಿದೆ’ ಎಂದು ಬರೆದರೆ ಜನ ಬೈಯುವುದು ಯಾರನ್ನು? ನಮ್ಮ ಅವ್ವನನ್ನು. ಮಿಲಿಟರಿ ಅಂಗಿ ಹಳೆಯದಾದರೆ ಹೊಲದ ಕೆಲಸಕ್ಕೆ ಹಾಕಿಕೊಳ್ಳುತ್ತಾರೆ, ಆಳುಗಳಿಗೆ ಕೊಡುತ್ತಾರೆ. ಅದರಲ್ಲಿ ಅವಮಾನದ ಮಾತೇ ಇಲ್ಲ.

ಇನ್ನೊಂದು ವಿಷಯ. ಹೆಸರು, ನಂಬರು, ರೆಜಿಮೆಂಟು ಮೂರೂ ಒಟ್ಟಿಗೆ ಸಿಕ್ಕರೆ ಪಿಂಚಣಿದಾರರಿಗೆ ಮೋಸದ ಕರೆ ಮಾಡುವವರಿಗೆ ಅಷ್ಟೇ ಸಾಕು. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರದ ಹೊತ್ತಿಗೆ ‘ನಿಮ್ಮ ಪಿಂಚಣಿ ನಿಲ್ಲುತ್ತದೆ, ಓಟಿಪಿ ಹೇಳಿ’ ಎಂದು ನಮ್ಮ ಅವ್ವನಿಗೂ ಕರೆ ಬಂದಿತ್ತು.

ಮನೆಯವರನ್ನು ಹುಡುಕಿ, ಬೇಡ ಎನ್ನುವುದಿಲ್ಲ. ನಿಮ್ಮ ವಿಚಾರ ಅವರಿಗೆ ಮುಟ್ಟಲಿ. ಅವರ ವಿಚಾರ ನಿಮಗೆ ಮುಟ್ಟಬೇಕೋ ಬೇಡವೋ ಎನ್ನುವುದನ್ನು ಅವರೇ ತೀರ್ಮಾನಿಸಲಿ.

ಬಾಗಲಕೋಟೆಯ ಯುವಕ

ಅಕ್ಕಾವರೇ, ಅವ್ವನವರ ಕಡೆಯಿಂದ ನೋಡಿದಾಗ ನೀವು ಹೇಳುವುದು ಸರಿ ಎನಿಸುತ್ತದೆ. ಆದರೆ ನಂಬರು ಬಿಟ್ಟು ಬರೀ ಅಂಗಿಯ ಫೋಟೋ ಹಾಕಿದರೆ ಏನು ತೊಂದರೆ?

ಖಾನಾಪುರದ ಮಾಜಿ ಹವಾಲ್ದಾರ

ನಂಬರಿಲ್ಲದ ಒಂದು ಹಸಿರು ಅಂಗಿ ನೋಡಿ ಯಾರು ಏನು ಗುರುತಿಸಬೇಕು? ನಮ್ಮದು, ನಮ್ಮದು ಎಂದು ಹತ್ತು ಮನೆಯವರು ಬರುತ್ತಾರೆ. ಮಗನನ್ನು ಕಳೆದುಕೊಂಡ ತಾಯಿ ಒಬ್ಬಳು ಅದರಲ್ಲಿದ್ದರೆ, ‘ಇದು ನಿಮ್ಮದಲ್ಲ’ ಎಂದು ಅವಳಿಗೆ ಹೇಳುವವರು ಯಾರು?

ಕ್ಯಾಂಪಿನ ದರ್ಜಿ

ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಪಲ್ಟನ್ನಿನವರ ಬಟ್ಟೆ ಹೊಲಿಯುವುದೇ ಕೆಲಸ. ಶಿಕ್ಷಕಿಯವರು ಅಂಗಿಯನ್ನು ಅಂಗಡಿಗೆ ತಂದಿದ್ದರು. ನೋಡಿದ್ದನ್ನು ಬರೆಯುತ್ತೇನೆ, ಅವರ ಒಪ್ಪಿಗೆಯಿದೆ.

ಅಂಗಿ ಸರ್ಕಾರಿ ಕಾರ್ಖಾನೆಯದು. ಮುದ್ರೆಯಲ್ಲಿ ಓಸಿಎಫ್ (ಆರ್ಡ್‌ನೆನ್ಸ್ ಕ್ಲೋದಿಂಗ್ ಫ್ಯಾಕ್ಟರಿ) ಎಂಬುದರ ನಂತರ ಎಸ್ ಇದೆ, ಅಂದರೆ ಶಹಜಹಾನ್‌ಪುರದ ಕಾರ್ಖಾನೆ. ಆವಡಿಯದಾಗಿದ್ದರೆ ಎವಿ ಎಂದಿರುತ್ತಿತ್ತು. ಆದರೆ ಬಂದ ಹಾಗೆಯೇ ತೊಟ್ಟಿಲ್ಲ. ಎರಡೂ ಪಕ್ಕ ಹಿಡಿದು ಮೈಗೆ ಸರಿಯಾಗಿ ಮಾಡಿಸಿದ್ದಾರೆ. ತೋಳಿನ ಅಂಚನ್ನು ಬಿಚ್ಚಿ ಉದ್ದ ಮಾಡಿಸಿದ್ದಾರೆ. ತೆಳ್ಳಗೆ, ಉದ್ದ ಕೈಯವರು.

ಫೀತಿಯ ಕೆಳಗೆ ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಮೂರು ಪಟ್ಟಿಯ ಫೀತಿಯ ಒಂದು ಮೂಲೆ ಬಿಟ್ಟುಕೊಂಡಿತ್ತು. ಸ್ವಲ್ಪ ಎತ್ತಿ ಬೆಳಕಿಗೆ ಹಿಡಿದರೆ ಬಟ್ಟೆಯಲ್ಲಿ ಇನ್ನೊಂದು ಸಾಲು ಸೂಜಿಯ ತೂತುಗಳಿವೆ. ಅವು ಈಗಿನ ಹೊಲಿಗೆಗೆ ಕೂಡುವುದಿಲ್ಲ, ಅದಕ್ಕಿಂತ ಗಿಡ್ಡದಾದ ಆಕಾರ. ಮೊದಲು ಅಲ್ಲಿ ಎರಡು ಪಟ್ಟಿಯ ಫೀತಿ ಇತ್ತು. ನಾಯಕ್ ಆಗಿದ್ದಾಗ ತೊಟ್ಟ ಅಂಗಿಯನ್ನೇ ಹವಾಲ್ದಾರ್ ಆದ ಮೇಲೂ ತೊಟ್ಟಿದ್ದಾರೆ. ಹಳೆಯ ಹೊಲಿಗೆ ಯಂತ್ರದ್ದು, ಸಮವಾಗಿದೆ. ಮೇಲಿನದು ಕೈಹೊಲಿಗೆ, ದಾರವೂ ಬೇರೆ. ದರ್ಜಿಯ ಬಳಿಗೆ ಹೋಗಲು ಪುರುಸೊತ್ತಿಲ್ಲದೆ ಬ್ಯಾರಕಿನಲ್ಲೇ ಕೂತು ಹೊಲಿದುಕೊಂಡಿರಬೇಕು. ಬಡ್ತಿ ಬಂದದ್ದು ಊರಿನಿಂದ ದೂರದ ಪೋಸ್ಟಿನಲ್ಲಿ ಎಂದು ನನ್ನ ಊಹೆ.

ಬಲಗಡೆಯ ಜೇಬಿನ ಮೇಲೆ ಹೆಸರಿನ ಪಟ್ಟಿಯ ಎರಡು ತೂತುಗಳಿವೆ. ಎಡ ತೋಳಿನಲ್ಲಿ ಚೌಕದ ಗುರುತೊಂದು ಕಿತ್ತ ಕಲೆ. ಭುಜದ ಪಟ್ಟಿಗಳಲ್ಲಿ ಲೋಹದ ಅಕ್ಷರಗಳು ಕೂತಿದ್ದ ಸವೆತ.

ವಿಜಯಪುರದ ಇತಿಹಾಸ ವಿದ್ಯಾರ್ಥಿ

ದರ್ಜಿ ಕಾಕಾ ಹೇಳಿದ್ದನ್ನು ಓದಿ ಮೈ ಜುಮ್ಮೆಂದಿತು. ಕಾಲದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

1994ರ ಮುದ್ರೆಯಿಂದ ಅಂಗಿ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ತಿಳಿಯುತ್ತದೆ. ಗೋದಾಮಿನಲ್ಲಿ ಕೆಲ ಕಾಲ ಇದ್ದು ಆಮೇಲೆ ವಿತರಣೆಯಾಗಿರಬಹುದು. ಎಡ ಜೇಬಿನ ಮೇಲಿನ ಗಾಢ ಆಯತ ಪದಕಗಳ ರಿಬ್ಬನ್ ಪಟ್ಟಿ ಇದ್ದ ಜಾಗ. ಬಿಸಿಲು, ಒಗೆತ ಎರಡರಿಂದಲೂ ಅಷ್ಟು ಬಟ್ಟೆ ತಪ್ಪಿಸಿಕೊಂಡಿದೆ. ಶಿಕ್ಷಕಿಯವರೇ, ದಯವಿಟ್ಟು ಅದನ್ನು ಅಳೆಯಿರಿ. ಒಂದು ರಿಬ್ಬನ್ನಿನ ಅಗಲ ಸುಮಾರು ಮೂರು ಸೆಂಟಿಮೀಟರ್.

ರಿಬ್ಬನ್ನುಗಳೇ ಸಿಕ್ಕಿದ್ದರೆ ಕೆಲಸ ಬಹಳ ಹಗುರವಾಗುತ್ತಿತ್ತು. ಸ್ವಾತಂತ್ರ್ಯದ 50ನೇ ವಾರ್ಷಿಕೋತ್ಸವದ ಪದಕ 1997ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸಿಕ್ಕದ್ದು. 25ನೆಯದರ ಪದಕ 1972ರಲ್ಲಿ ಇದ್ದವರಿಗೆ. ಒಂಬತ್ತು ವರ್ಷ, ಇಪ್ಪತ್ತು ವರ್ಷ ಸೇವೆಯ ಪದಕಗಳಿವೆ. ಸಿಯಾಚಿನ್, ಶ್ರೀಲಂಕಾ, 1999ರ ಆಪರೇಷನ್ ವಿಜಯ್ (ಕಾರ್ಗಿಲ್), ಒಂದೊಂದಕ್ಕೂ ಬೇರೆ ಬಣ್ಣ. ಪದಕವೇ ಕೈಗೆ ಸಿಕ್ಕವರು ಅಂಚನ್ನು ತಿರುಗಿಸಿ ನೋಡಿ, ಪಡೆದವರ ನಂಬರು, ಹೆಸರು ಅಲ್ಲೇ ಕೊರೆದಿರುತ್ತದೆ.

ಇನ್ನೊಂದು ಸಲಹೆ. ಪತ್ರ ಬರೆಯುವ ಮೊದಲು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಹೆಸರುಗಳಲ್ಲಿ ಈ ನಂಬರು ಇದೆಯೇ ನೋಡಿ. 2019ರ ಫೆಬ್ರವರಿ 25ರಂದು ಲೋಕಾರ್ಪಣೆಯಾದ ಸ್ಮಾರಕ ಅದು. ಸ್ವಾತಂತ್ರ್ಯಾನಂತರ ಪ್ರಾಣಕೊಟ್ಟವರ ಹೆಸರುಗಳು ಅಲ್ಲಿವೆ, ಅಂತರಜಾಲದಲ್ಲೂ ಹುಡುಕಬಹುದು. ಹುತಾತ್ಮರ ಮನೆಗೆ ಬರೆಯುವ ಪತ್ರದ ಧಾಟಿಯೇ ಬೇರೆಯಾಗಬೇಕು.

ಟಿಳಕವಾಡಿ ಶಿಕ್ಷಕಿ

ಅಳೆದೆ. ಅಗಲ ಒಂಬತ್ತೂವರೆ ಸೆಂಟಿಮೀಟರ್, ಎತ್ತರದಲ್ಲಿ ಎರಡು ಸಾಲು. ಸ್ಮಾರಕದ ಪಟ್ಟಿಯಲ್ಲಿ 3 ಎಂದೂ 8 ಎಂದೂ ಹುಡುಕಿದೆ, ಎರಡೂ ಇಲ್ಲ. ಮನಸ್ಸಿಗೆ ಸ್ವಲ್ಪ ನಿರಾಳವಾಯಿತು.

ಖಾನಾಪುರದ ಮಾಜಿ ಹವಾಲ್ದಾರ

ಹಾಗಾದರೆ ಸಾಲಿಗೆ ಮೂರರಂತೆ ಎರಡು ಸಾಲು. ತೊಂಬತ್ತರ ದಶಕದ ಕೊನೆಯಲ್ಲಿ ಹವಾಲ್ದಾರನಾಗಿದ್ದವನ ಎದೆಯ ಮೇಲೆ ಇಷ್ಟು ಇರುವುದು ಸಹಜ. ಒಳ್ಳೆಯ ಸೇವೆ ಮಾಡಿದ ಮನುಷ್ಯ.

ಶಹಾಪುರದ ಓದುಗ

ಮಡಿವಾಳರ ಗುರುತಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ನಮ್ಮ ಮನೆತನದ ಕಸುಬು ಅದು.

ನಮ್ಮ ತಂದೆ ಕರಿಗೇರು ಕಾಯಿಯ ರಸದಿಂದ ಗುರುತು ಹಾಕುತ್ತಿದ್ದರು. ಕಾಯಿಗೆ ಸೂಜಿ ಚುಚ್ಚಿ, ತುದಿಗೆ ಅಂಟಿದ ರಸದಿಂದ ಬಟ್ಟೆಯ ಮೇಲೆ ಚುಕ್ಕೆ, ಗೆರೆ ಎಳೆದು, ಮೇಲೆ ಸುಣ್ಣ ಸವರುತ್ತಿದ್ದರು. ಸುಣ್ಣ ತಗುಲಿದ ಕೂಡಲೇ ಕಂದು ಬಣ್ಣ ಕಪ್ಪಾಗುತ್ತದೆ. ಆಮೇಲೆ ಸೋಡಾ ಹಾಕಿ ಕುದಿಸಿದರೂ ಹೋಗುವುದಿಲ್ಲ. ಬಟ್ಟೆ ಹರಿದರೂ ಗುರುತು ಉಳಿಯುತ್ತದೆ. ರಸ ಕೈಗೆ ತಾಗಿದರೆ ಬೊಬ್ಬೆ ಏಳುತ್ತಿತ್ತು, ತಂದೆಯ ಬೆರಳುಗಳಲ್ಲಿ ಸದಾ ಕಲೆ. ಮನೆಗೊಂದು ಗುರುತು. ಓದು ಬರಹ ಇಲ್ಲದವರು ನೂರಾರು ಮನೆಯ ಬಟ್ಟೆಗಳನ್ನು ಆ ಚುಕ್ಕೆಗಳಿಂದಲೇ ಬೇರ್ಪಡಿಸುತ್ತಿದ್ದರು. ಅದು ಸೇನೆಯ ಗುರುತಲ್ಲ, ಊರಿನ ಗುರುತು.

ಅಕ್ಕಾವರೇ, ಆ ಗುರುತಿನ ಆಕಾರವನ್ನು ಇಲ್ಲಿ ಹೇಳಬೇಡಿ, ಯಾರಿಗೂ ತೋರಿಸಬೇಡಿ. ನಾಳೆ ಯಾರಾದರೂ ‘ಇದು ನನ್ನದು’ ಎಂದು ಬಂದರೆ, ಕಾಲರಿನ ಗುರುತು ಹೇಗಿದೆ ಹೇಳಿ ಎಂದು ಕೇಳಿ. ತನ್ನ ಮನೆಯ ಗುರುತನ್ನು ಯಾರೂ ಮರೆಯುವುದಿಲ್ಲ.

ಟಿಳಕವಾಡಿ ಶಿಕ್ಷಕಿ

ಇದು ನನಗೆ ಹೊಳೆದೇ ಇರಲಿಲ್ಲ, ಅಣ್ಣಾವರೇ. ದರ್ಜಿ ಕಾಕಾ ನೋಡಿದ್ದಾರೆ, ಅವರನ್ನೂ ಕೇಳಿಕೊಳ್ಳುತ್ತೇನೆ.

ಕ್ಯಾಂಪಿನ ದರ್ಜಿ

ನನ್ನ ಬಾಯಿಂದ ಹೊರಬೀಳುವುದಿಲ್ಲ.

ಚಿಕ್ಕೋಡಿಯ ವಕೀಲ

ಕಾನೂನಿನ ಮಾತು ಎರಡೇ ಸಾಲು. ಸೈನಿಕನಲ್ಲದವನು, ತನ್ನನ್ನು ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಆ ಉಡುಪು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನ ಪ್ರಕಾರ ಅಪರಾಧ. ಮೂರು ತಿಂಗಳವರೆಗೆ ಸೆರೆ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಶಾಲೆಯ ರಂಗದ ಮೇಲಿನ ಮಗುವಿಗೆ ಆ ಉದ್ದೇಶ ಇರುವುದಿಲ್ಲ. ಆದರೆ 2022ರ ಜನವರಿಯಲ್ಲಿ ಬಂದ ಹೊಸ ವಿನ್ಯಾಸದ ಯುದ್ಧ ಸಮವಸ್ತ್ರ ಯಾರಿಗಾದರೂ ಸಂತೆಯಲ್ಲಿ ಸಿಕ್ಕರೆ ಕೊಳ್ಳಬೇಡಿ, ಪೊಲೀಸರಿಗೆ ತಿಳಿಸಿ. ಅದರ ವಿನ್ಯಾಸದ ಹಕ್ಕು ಸೇನೆಯದು. 2016ರಲ್ಲಿ ಪಠಾಣ್‌ಕೋಟ್ ದಾಳಿಯ ನಂತರ ಸೇನೆಯೇ ಸಾರ್ವಜನಿಕರಲ್ಲಿ ಇಂಥ ಬಟ್ಟೆ ಮಾರಬೇಡಿ, ತೊಡಬೇಡಿ ಎಂದು ಕೇಳಿಕೊಂಡಿತ್ತು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವ ಯೋಚನೆ ಇದ್ದರೆ ಬಿಡಿ. ಬೇರೊಬ್ಬರ ವೈಯಕ್ತಿಕ ವಿವರಕ್ಕೆ ಆ ಕಾಯ್ದೆಯ 8(1)(ಜೆ) ಕಲಮು ಅಡ್ಡ ಬರುತ್ತದೆ. ಬರಬೇಕಾದದ್ದೂ ಸರಿ. ವಿನಂತಿ ಪತ್ರವೇ ದಾರಿ.

ಖಾನಾಪುರದ ಮಾಜಿ ಹವಾಲ್ದಾರ

ವಕೀಲ ಸಾಹೇಬರು ಹೇಳಿದ್ದು ಸರಿ. ನಮ್ಮ ಅದೃಷ್ಟಕ್ಕೆ ದೂರ ಹೋಗಬೇಕಾಗಿಲ್ಲ. ರೆಜಿಮೆಂಟಿನ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ, ದಾಖಲೆ ಕಚೇರಿಯೂ ಇಲ್ಲೇ. ಪತ್ರವನ್ನು ಮುಖ್ಯ ದಾಖಲೆ ಅಧಿಕಾರಿಗಳ ಹೆಸರಿಗೆ ಬರೆಯಿರಿ, ಒಂದು ಪ್ರತಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ. ಜೊತೆಗೆ ಇನ್ನೊಂದು ಮುಚ್ಚಿದ ಲಕೋಟೆ ಇಡಿ, ಅದು ಒಡೆಯರಿಗೆ. ‘ವಿಳಾಸ ಕೊಡಿ’ ಎಂದು ಕೇಳಬೇಡಿ, ‘ಇದನ್ನು ಅವರಿಗೆ ತಲುಪಿಸಿ’ ಎಂದು ಕೇಳಿ. ಅಂಗಿಯನ್ನು ಕಳಿಸಬೇಡಿ. ಗೇಟಿನ ಬಳಿ ಹೋಗಿ ಕಾವಲಿನವರ ಕೈಗೆ ಕೊಟ್ಟು ಬರುವ ಕೆಲಸವನ್ನಂತೂ ಮಾಡಲೇಬೇಡಿ.

ಅವರು ಮುಂದೆ ನಾಯಬ್ ಸುಬೇದಾರರಾಗಿದ್ದರೂ ಹಳೆಯ ನಂಬರಿನಿಂದ ಹೊಸ ನಂಬರು ಸಿಗುತ್ತದೆ, ಕಚೇರಿಯಲ್ಲಿ ಎರಡೂ ಇರುತ್ತವೆ.

ಟಿಳಕವಾಡಿ ಶಿಕ್ಷಕಿ

ಒಡೆಯರಿಗೆ ಬರೆದ ಪತ್ರ ಇದು. ತಿದ್ದುವುದಿದ್ದರೆ ಹೇಳಿ.

‘ಮಾನ್ಯರೇ, ನಾನು ಬೆಳಗಾವಿಯ ಶಾಲೆಯೊಂದರ ಶಿಕ್ಷಕಿ. ಮಕ್ಕಳ ನಾಟಕಕ್ಕೆಂದು ಕೊಂಡ ಹಳೆಯ ಬಟ್ಟೆಗಳಲ್ಲಿ ತಮ್ಮದಿರಬಹುದಾದ ಒಂದು ಅಂಗಿ ನಮ್ಮ ಕೈಸೇರಿದೆ. ಒಗೆದು, ಮಡಿಸಿ, ಜೋಪಾನವಾಗಿ ಇಟ್ಟಿದ್ದೇವೆ. ಅದು ನಮ್ಮಲ್ಲಿಗೆ ಹೇಗೆ ಬಂತೆಂದು ನಾವು ಕೇಳುತ್ತಿಲ್ಲ. ತಮಗೆ ಬೇಕಾದರೆ ತಲುಪಿಸುತ್ತೇವೆ. ಬೇಡವಾದರೆ ಏನು ಮಾಡಬೇಕೆಂದು ತಿಳಿಸಿದರೆ ಹಾಗೆಯೇ ಮಾಡುತ್ತೇವೆ. ಉತ್ತರಿಸಲು ಇಷ್ಟವಿಲ್ಲದಿದ್ದರೆ ಅದನ್ನೂ ಗೌರವಿಸುತ್ತೇವೆ. ತಮ್ಮ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ.’

ಜಮಖಂಡಿಯ ಸೈನಿಕನ ಮಗಳು

‘ಅದು ನಮ್ಮಲ್ಲಿಗೆ ಹೇಗೆ ಬಂತೆಂದು ನಾವು ಕೇಳುತ್ತಿಲ್ಲ’ ಎಂಬ ಸಾಲು ಬರೆದಿರಲ್ಲ, ನಿಮಗೆ ಕೈಮುಗಿಯುತ್ತೇನೆ. ಒಂದಕ್ಷರವನ್ನೂ ಬದಲಿಸಬೇಡಿ.

ವಿಜಯಪುರದ ಇತಿಹಾಸ ವಿದ್ಯಾರ್ಥಿ

ಉತ್ತರ ಬರುವವರೆಗೆ ನನ್ನದೊಂದು ಪ್ರಶ್ನೆ. ನಮ್ಮ ಮುತ್ತಜ್ಜನದೆಂದು ಮನೆಯಲ್ಲಿರುವ ಉಣ್ಣೆಯ ಕೋಟಿನ ಒಳಗೆ ಬಾಣದಂಥ ಗುರುತು, ಅದರ ಜೊತೆ ಐ ಅಕ್ಷರ ಇದೆ. ಒಂದು ಬಿಲ್ಲೆಯಲ್ಲಿ ಕಹಳೆ, 5 ಎಂಬ ಅಂಕಿ.

ಖಾನಾಪುರದ ಮಾಜಿ ಹವಾಲ್ದಾರ

ಬಾಣ ಸರ್ಕಾರಿ ಸ್ವತ್ತಿನ ಗುರುತು, ಐ ಎಂದರೆ ಭಾರತ ಸರ್ಕಾರದ್ದು. 1922ರಿಂದ ಎರಡನೇ ಮಹಾಯುದ್ಧದ ಕೊನೆಯವರೆಗೆ ನಮ್ಮ ರೆಜಿಮೆಂಟಿನ ಹೆಸರಿನಲ್ಲಿ 5 ಎಂಬ ಅಂಕಿ ಇತ್ತು, ಆಮೇಲೆ ಬಿಟ್ಟರು. ಬಿಲ್ಲೆ ಆ ಕಾಲದ್ದು. ಅಜ್ಜ ಯುದ್ಧದಲ್ಲಿ ಮಡಿದಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಿ. ಅದರಲ್ಲಿ ಎಷ್ಟೋ ಕಡೆ ತಂದೆಯ ಹೆಸರು, ಊರು ಸಹ ಇರುತ್ತದೆ. ಬದುಕಿ ಬಂದವರ ಹೆಸರು ಅಲ್ಲಿರುವುದಿಲ್ಲ. ಹಿಂದಿರುಗಿ ಬಂದಿದ್ದರೆ ಮನೆಯ ಹಳೆಯ ಪಿಂಚಣಿ ಕಾಗದಗಳನ್ನೇ ತಡಕಾಡಿ.

ಟಿಳಕವಾಡಿ ಶಿಕ್ಷಕಿ

ಸುದ್ದಿ ಇದೆ. ಮೊದಲು ಕಚೇರಿಯಿಂದ ಚಿಕ್ಕ ಉತ್ತರ ಬಂತು. ಮಾಸಿದ ಅಂಕಿ 8, ಸಂಖ್ಯೆ ರೆಜಿಮೆಂಟಿನವರದೇ, ಲಕೋಟೆಯನ್ನು ಮುಂದೆ ಕಳಿಸಿದ್ದೇವೆ ಎಂದಿದ್ದರು. ಹೆಸರಿಲ್ಲ, ಊರಿಲ್ಲ. ಮತ್ತೆ ಬಹಳ ದಿನ ಸದ್ದಿರಲಿಲ್ಲ. ಇಂದು ಬೆಳಗ್ಗೆ ಅವರೇ ಕರೆ ಮಾಡಿದರು.

ಹುಕ್ಕೇರಿ ತಾಲ್ಲೂಕಿನವರು. ನಾನು ಕೇಳುವ ಮೊದಲೇ ‘ಕಾಲರಿನಲ್ಲಿ ಇಂಥ ಗುರುತಿದೆಯೇನಮ್ಮಾ’ ಎಂದು ಚುಕ್ಕೆಗಳ ಲೆಕ್ಕವನ್ನೂ ಗೆರೆಯನ್ನೂ ಸರಿಯಾಗಿ ಹೇಳಿದರು. ರಜೆಯಲ್ಲಿ ಬಂದಾಗ ಊರಿನ ಮಡಿವಾಳರು ಹಾಕಿದ್ದಂತೆ. ಫೀತಿಯ ವಿಷಯ ಕೇಳಿದೆ. ಈಶಾನ್ಯದಲ್ಲಿದ್ದಾಗ ಬಡ್ತಿ ಬಂತು, ಮರುದಿನ ಬೆಳಗಿನ ಫಾಲಿನ್‌ಗೆ (ಸಾಲಾಗಿ ನಿಲ್ಲುವುದಕ್ಕೆ) ಮೂರು ಪಟ್ಟಿ ಇರಲೇಬೇಕಿತ್ತು, ರಾತ್ರಿ ಲಾಟೀನಿನ ಬೆಳಕಿನಲ್ಲಿ ಹೊಲಿದೆ ಎಂದರು. ದರ್ಜಿ ಕಾಕಾ, ನಿಮ್ಮ ಊಹೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಹೊಸ ಮನೆ ಕಟ್ಟುವಾಗ ಹಳೆಯ ಬಟ್ಟೆಗಳನ್ನೆಲ್ಲ ಕೆಲಸಗಾರರಿಗೆ ಕೊಟ್ಟಿದ್ದರಂತೆ. ಅಂಗಿ ಅವರಿಗೆ ಬೇಡ. ‘ಮಕ್ಕಳು ತೊಡಲಿ, ಆದರೆ ಕಾಲರಿನ ನಂಬರನ್ನು ಮುಚ್ಚಿಸಿ’ ಎಂದರು. ನಾಟಕ ಯಾವ ಕಾಳಗದ್ದು ಎಂದು ಕೇಳಿದರು. ಈಗಿನ ಬಾಂಗ್ಲಾದೇಶದ ಜಮಾಲ್‌ಪುರ ಎಂದೆ. 1971ರಲ್ಲಿ ಅಲ್ಲಿ ಹೋರಾಡಿದ ಒಂದನೇ ಮರಾಠಾದ, ನಮ್ಮ ಜಂಗಿ ಪಲ್ಟನ್ನಿನ ಕಥೆ ಎಂದಾಗ ಅವರ ದನಿಯೇ ಬದಲಾಯಿತು. ಮಕ್ಕಳಿಗೆ ಸಾವಧಾನ್, ವಿಶ್ರಾಮ್, ಸೆಲ್ಯೂಟ್ ಯಾರು ಹೇಳಿಕೊಡುತ್ತಿದ್ದಾರೆ ಎಂದು ವಿಚಾರಿಸಿದರು. ಯಾರೂ ಇಲ್ಲ ಎಂದೆ. ಭಾನುವಾರದ ತಾಲೀಮಿಗೆ ಬರುತ್ತಾರೆ.

ಖಾನಾಪುರದ ಮಾಜಿ ಹವಾಲ್ದಾರ

ಬಹಳ ಸಂತೋಷ ತಾಯಿ. ಅವರು ಒಪ್ಪಿದರೆ ನಾನೂ ಬರುತ್ತೇನೆ, ಕೇಳಿ ತಿಳಿಸಿ. ಅವರು ಯಾವ ಬಟಾಲಿಯನ್ ಎಂದು ಇಲ್ಲಿ ಬರೆಯಬೇಡಿ, ನಾನೇ ಕೇಳಿಕೊಳ್ಳುತ್ತೇನೆ.

ಕ್ಯಾಂಪಿನ ದರ್ಜಿ

ಶಿಕ್ಷಕಿಯವರೇ, ಅಂಗಿಯನ್ನು ಗುರುವಾರದೊಳಗೆ ತಂದುಕೊಡಿ. ಕಾಲರಿನ ಒಳಗೆ ಅದೇ ಬಣ್ಣದ ಪಟ್ಟಿ ಹೊಲಿಯುತ್ತೇನೆ. ಹುಡುಗನ ಅಳತೆಗೆ ತೋಳು ಮಡಿಸಬೇಕಾದರೆ ಕತ್ತರಿ ಹಾಕದೆ ಮಡಿಸುತ್ತೇನೆ. ಬಿಟ್ಟುಕೊಂಡ ಫೀತಿಯ ಮೂಲೆಗೆ ಎರಡು ಹೊಲಿಗೆ ಹಾಕುವುದೋ ಬೇಡವೋ ಎಂದು ಅವರನ್ನೇ ಕೇಳಿ ಹೇಳಿ, ಅದು ಅವರ ಕೈಹೊಲಿಗೆ.